ಬೆನ್ನಿನ ನೀಲಿ ಕಲೆಯೆಲ್ಲ ಹೊಡೆತದ ಗುರುತಲ್ಲ

ಶವಾಗಾರದ ಹೊರಗೆ ನಿಂತ ಬಂಧುಗಳು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಶವದ ಮೇಲೆ ಅವರು ಕಣ್ಣಾರೆ ಕಂಡ ಯಾವುದೋ ಒಂದು ಗುರುತನ್ನು ಕುರಿತಾಗಿರುತ್ತವೆ. ಬೆನ್ನೆಲ್ಲ ನೀಲಿಗಟ್ಟಿದೆ, ಹೊಡೆದು ಸಾಯಿಸಿದ್ದಾರೆ ಎನ್ನುತ್ತಾರೆ. ಉಗುರು ಕಪ್ಪಾಗಿದೆ, ವಿಷ ಹಾಕಿರಬೇಕು ಎನ್ನುತ್ತಾರೆ. ಮೂಗಿನಿಂದ ರಕ್ತ ಬಂದಿದೆ, ನಾಲಿಗೆ ಹೊರಚಾಚಿದೆ, ಕತ್ತು ಹಿಸುಕಿದ್ದಾರೆ ಎನ್ನುತ್ತಾರೆ. ದಾವಣಗೆರೆಯಲ್ಲಿ ನ್ಯಾಯವೈದ್ಯಶಾಸ್ತ್ರ ಕಲಿಸುತ್ತ, ಮರಣೋತ್ತರ ಪರೀಕ್ಷೆ ಮಾಡುತ್ತ ಬಂದಿರುವ ನನಗೆ ಈ ಮಾತುಗಳ ಹಿಂದಿರುವ ಸಂಕಟ ಅರ್ಥವಾಗುತ್ತದೆ, ಮತ್ತು ಅವಕ್ಕೆ ಸಮಾಧಾನದಿಂದ ಉತ್ತರಿಸುವುದು ವೈದ್ಯನ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ. ಆದರೆ ಹೀಗೆ ತೋರಿಸಲಾಗುವ ಗುರುತುಗಳಲ್ಲಿ ಬಹಳಷ್ಟು, ಹಾಸಿಗೆಯಲ್ಲಿ ಶಾಂತವಾಗಿ ತೀರಿಕೊಂಡ ವೃದ್ಧರ ಶರೀರದಲ್ಲಿಯೂ ಕಾಣುವಂಥವು. ಅವು ಸಾವಿಗೆ ಕಾರಣವಲ್ಲ, ಸಾವಿನ ನಂತರ ಬಂದವು. ಅದೇ ಬದಲಾವಣೆಗಳನ್ನು ಸರಿಯಾಗಿ ಓದಿದರೆ ವ್ಯಕ್ತಿ ಯಾವಾಗ ಸತ್ತ, ಸತ್ತಾಗ ಯಾವ ಭಂಗಿಯಲ್ಲಿದ್ದ, ಸತ್ತ ಮೇಲೆ ಅವನನ್ನು ಯಾರಾದರೂ ಸರಿಸಿದರೇ ಎಂಬುದು ತಿಳಿಯುತ್ತದೆ. ತಪ್ಪಾಗಿ ಓದಿದರೆ ತಪ್ಪು ಮಾಡದ ಕುಟುಂಬವೊಂದು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ, ಇಲ್ಲವೇ ಕೊಲೆಯೊಂದು ಆತ್ಮಹತ್ಯೆಯೆಂದು ಮುಗಿದುಹೋಗುತ್ತದೆ.

ಮೊದಲು ಆ ನೀಲಿ ಕಲೆಯ ವಿಷಯ. ಹೃದಯ ನಿಂತೊಡನೆ ರಕ್ತದ ಓಟ ನಿಲ್ಲುತ್ತದೆ, ಮತ್ತು ನಿಂತ ರಕ್ತ ತನ್ನ ಭಾರದಿಂದಲೇ ದೇಹದ ತಗ್ಗಿನ ಭಾಗಗಳಿಗೆ ಇಳಿಯತೊಡಗುತ್ತದೆ. ಅಂಗಾತ ಮಲಗಿದ ಶವದಲ್ಲಿ ಕತ್ತಿನ ಹಿಂಭಾಗ, ಬೆನ್ನು, ಸೊಂಟ, ತೊಡೆಯ ಕೆಳಬದಿಗಳಲ್ಲಿ ಅರ್ಧ ಗಂಟೆ ಒಂದು ಗಂಟೆಯೊಳಗೆ ಅಲ್ಲಲ್ಲಿ ಮಚ್ಚೆಯಂತೆ ಕಾಣಿಸಿಕೊಳ್ಳುವ ಈ ನೇರಳೆ ಬಣ್ಣ, ಮೂರು ನಾಲ್ಕು ಗಂಟೆಗಳಲ್ಲಿ ಒಂದರೊಡನೊಂದು ಕೂಡಿಕೊಂಡು ಹರಡುತ್ತದೆ. ನೆಲಕ್ಕೆ ಒತ್ತಿಕೊಂಡಿರುವ ಭುಜದ ಎಲುಬು, ಪೃಷ್ಠ, ಮೀನಖಂಡ, ಹಿಮ್ಮಡಿಗಳಲ್ಲಿ ರಕ್ತನಾಳಗಳು ಅದುಮಿಹೋಗಿರುವುದರಿಂದ ಆ ಜಾಗಗಳು ಮಾತ್ರ ಬಿಳಿಚಿಕೊಂಡೇ ಉಳಿಯುತ್ತವೆ. ನುಲಿಯ ಮಂಚದ ಮೇಲೆ ತೀರಿಕೊಂಡವರ ಬೆನ್ನಿನಲ್ಲಿ ಹಗ್ಗದ ಹೆಣಿಗೆಯ ಅಚ್ಚು ಬಿಳಿಯ ಗೆರೆಗಳಾಗಿ ಮೂಡಿರುತ್ತದೆ. ಅದನ್ನು ಬೆತ್ತದ ಬರೆಯೆಂದು ತಿಳಿದು ರೋದಿಸುವವರನ್ನು ನಾನು ಕಂಡಿದ್ದೇನೆ.

ಆರರಿಂದ ಹನ್ನೆರಡು ಗಂಟೆಗಳ ನಡುವೆ ಈ ಬಣ್ಣ ಇದ್ದಲ್ಲಿಯೇ ನೆಲೆ ನಿಲ್ಲುತ್ತದೆ. ಅದಕ್ಕೆ ಮೊದಲು ಹೆಬ್ಬೆರಳಿನಿಂದ ಒತ್ತಿದರೆ ಬಣ್ಣ ಮಾಯವಾಗಿ ಮತ್ತೆ ಮರಳುತ್ತದೆ, ಶವವನ್ನು ಮಗುಚಿದರೆ ಹೊಸ ತಗ್ಗಿನ ಕಡೆಗೆ ಸರಿಯುತ್ತದೆ. ನೆಲೆ ನಿಂತ ಮೇಲೆ ಒತ್ತಿದರೂ ಮಗುಚಿದರೂ ಬದಲಾಗುವುದಿಲ್ಲ. ತನಿಖೆಗೆ ಇದರಷ್ಟು ಉಪಕಾರಿಯಾದ ಬದಲಾವಣೆ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ನೇಣಿನಲ್ಲಿ ಗಂಟೆಗಟ್ಟಲೆ ತೂಗಿದ ಶವದಲ್ಲಿ ರಕ್ತ ಕಾಲುಗಳಿಗೆ, ಮುಂಗೈ ಮತ್ತು ಹಸ್ತಗಳಿಗೆ ಇಳಿದಿರಬೇಕು. ಹಾಗಿಲ್ಲದೆ ತೊಲೆಗೆ ತೂಗುತ್ತಿರುವ ಶವದ ಬೆನ್ನಿನಲ್ಲಿ ಅಚ್ಚೊತ್ತಿದ ಕಲೆ ನೆಲೆ ನಿಂತಿದ್ದರೆ, ಆ ವ್ಯಕ್ತಿ ಸತ್ತ ಮೇಲೆ ಹಲವು ಗಂಟೆ ಅಂಗಾತ ಮಲಗಿದ್ದು, ನಂತರ ಯಾರೋ ಅವನನ್ನು ಮೇಲೇರಿಸಿದ್ದಾರೆ ಎಂದೇ ತಿಳಿಯಬೇಕಾಗುತ್ತದೆ. ಕುತ್ತಿಗೆಯ ಗುರುತು ಎಷ್ಟೇ ಸಹಜವಾಗಿ ಕಂಡರೂ ಬೆನ್ನಿನ ಈ ಸಾಕ್ಷ್ಯವನ್ನು ಅಳಿಸುವುದು ಯಾರಿಗೂ ಸಾಧ್ಯವಿಲ್ಲ. ನಮ್ಮ ಕಡೆಯ ಕಂದು ಮೈಬಣ್ಣದ ಮೇಲೆ, ಅದೂ ಬೆಳಕು ಸಾಲದ ಕೊಠಡಿಯಲ್ಲಿ, ಈ ಕಲೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಶವವನ್ನು ಹಗಲು ಬೆಳಕಿನಲ್ಲಿ ಪೂರ್ತಿ ಮಗುಚಿ ನೋಡಬೇಕೆಂದು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತೇನೆ.

ಇದು ಹೊಡೆತದ ಗುರುತೇ ಅಲ್ಲವೇ ಎಂಬುದನ್ನು ನಿರ್ಣಯಿಸುವುದು ಕಷ್ಟವಲ್ಲ. ಸಂಶಯವಿದ್ದ ಜಾಗದಲ್ಲಿ ಚರ್ಮವನ್ನು ಕೊಯ್ದು ನೋಡುತ್ತೇವೆ. ಬದುಕಿದ್ದಾಗ ಬಿದ್ದ ಹೊಡೆತವಾದರೆ ನಾಳ ಒಡೆದು ರಕ್ತ ಅಂಗಾಂಶದೊಳಗೆ ಹೆಪ್ಪುಗಟ್ಟಿರುತ್ತದೆ, ನೀರು ಹಾಕಿ ತೊಳೆದರೂ ಹೋಗುವುದಿಲ್ಲ. ಮರಣಾನಂತರ ಇಳಿದ ರಕ್ತವಾದರೆ ಅದು ನಾಳಗಳೊಳಗೇ ಇದ್ದು, ಕೊಯ್ದಾಗ ಒಸರಿ ತೊಳೆದೊಡನೆ ಹೋಗುತ್ತದೆ. ಕಲೆಯ ಬಣ್ಣಕ್ಕೂ ಅರ್ಥವಿದೆ. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಅಥವಾ ಇದ್ದಿಲಿನ ಹೊಗೆಯಿಂದ ಕಾರ್ಬನ್ ಮಾನಾಕ್ಸೈಡ್ ಸೇವಿಸಿ ಸತ್ತವರಲ್ಲಿ ಅದು ಚೆರ್ರಿ ಹಣ್ಣಿನ ಕೆಂಪಾಗಿರುತ್ತದೆ, ಸಯನೈಡ್‌ನಲ್ಲಿಯೂ ಕೆಂಪೇರಬಹುದು. ಆದರೆ ಈಗ ಊರೂರಿನಲ್ಲಿ ಬಾಡಿಗೆಗೆ ಸಿಗುವ ಫ್ರೀಜರ್ ಪೆಟ್ಟಿಗೆಯಲ್ಲಿ ಇರಿಸಿದ ಶವದಲ್ಲಿಯೂ ತಂಪಿನಿಂದಾಗಿಯೇ ಕಲೆ ಗುಲಾಬಿಯಾಗುತ್ತದೆ. ಶವ ಪೆಟ್ಟಿಗೆಯಲ್ಲಿತ್ತೆಂಬ ಒಂದು ಮಾತನ್ನು ಮನೆಯವರು ಹೇಳದೆ ಹೋದರೆ ವೈದ್ಯ ಇಲ್ಲದ ವಿಷವನ್ನು ಹುಡುಕಬೇಕಾಗಬಹುದು.

ನಮ್ಮ ಜಿಲ್ಲೆಗಳ ಅಂತ್ಯಸಂಸ್ಕಾರದ ಪದ್ಧತಿಯನ್ನೂ ಇಲ್ಲಿ ಹೇಳಲೇಬೇಕು. ಲಿಂಗಾಯತರಲ್ಲಿ ಶವವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿಯೇ ಮೆರವಣಿಗೆ ಮಾಡಿ ಸಮಾಧಿ ಮಾಡುವುದು ವಾಡಿಕೆ. ಮೈ ಸೆಟೆಯುವ ಮೊದಲೇ ಕೂರಿಸಬೇಕೆಂಬುದು ಹಿರಿಯರಿಗೆ ತಿಳಿದಿರುವುದರಿಂದ ಸಾವಾದ ಒಂದೆರಡು ಗಂಟೆಯೊಳಗೆ ಕಾಲು ಮಡಿಸಿ, ತಲೆ ವಾಲದಂತೆ ಗಲ್ಲಕ್ಕೂ ಹಣೆಗೂ ಬಟ್ಟೆ ಕಟ್ಟಿ ಗೋಡೆಗೆ ಒರಗಿಸುತ್ತಾರೆ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಸಂಸ್ಕಾರದ ನಡುವೆ ಯಾರಾದರೂ ಸಂಶಯ ವ್ಯಕ್ತಪಡಿಸಿ ಪೊಲೀಸರು ಬಂದರೆ, ರಕ್ತ ಸೊಂಟಕ್ಕೆ ಕಾಲುಗಳಿಗೆ ಇಳಿದಿರುವುದನ್ನೂ, ಗದ್ದದ ಕೆಳಗೆ ಬಟ್ಟೆಯ ಒತ್ತು ಮೂಡಿರುವುದನ್ನೂ ತನಿಖಾಧಿಕಾರಿ ಈ ಹಿನ್ನೆಲೆಯಲ್ಲಿಯೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಬಟ್ಟೆ ಕಟ್ಟಿದವರು ಯಾರು, ಎಷ್ಟು ಹೊತ್ತಿಗೆ ಕಟ್ಟಿದರು ಎಂಬುದು ಪಂಚನಾಮೆಯಲ್ಲಿ ದಾಖಲಾಗಿದ್ದರೆ ಕುತ್ತಿಗೆಯ ಮೇಲಿನ ಆ ಗೆರೆ ಕೊಲೆಯ ಆರೋಪವಾಗಿ ಬೆಳೆಯುವುದಿಲ್ಲ.

ಮೈ ಸೆಟೆಯುವುದು ಎರಡನೆಯ ಗಡಿಯಾರ. ಸತ್ತ ಕೂಡಲೇ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದು ಬಿಡಲು ಎಟಿಪಿ ಎಂಬ ಶಕ್ತಿದ್ರವ್ಯ ಬೇಕು. ಅದರ ತಯಾರಿ ನಿಂತು, ಇದ್ದದ್ದು ಮುಗಿದ ಮೇಲೆ, ಹಿಡಿದ ಎಳೆಗಳು ಬಿಡಲಾರದೆ ಹಾಗೆಯೇ ಬಿಗಿದುಕೊಳ್ಳುತ್ತವೆ. ಎಲ್ಲ ಸ್ನಾಯುಗಳಲ್ಲಿಯೂ ಇದು ಒಟ್ಟಿಗೇ ನಡೆದರೂ ಸಣ್ಣ ಸ್ನಾಯುಗಳಲ್ಲಿ ಮೊದಲು ಅನುಭವಕ್ಕೆ ಬರುವುದರಿಂದ ಕಣ್ಣಿನ ರೆಪ್ಪೆ, ಕೆಳದವಡೆ, ಕತ್ತು, ನಂತರ ಕೈ, ಕೊನೆಗೆ ಕಾಲು ಎಂಬ ಕ್ರಮ ಕಾಣುತ್ತದೆ. ಬಿಗಿಯಲು 12 ಗಂಟೆ, ಬಿಗಿದಿರಲು 12 ಗಂಟೆ, ಸಡಿಲವಾಗಲು 12 ಗಂಟೆ ಎಂಬ ಲೆಕ್ಕವನ್ನು ಪಾಠದಲ್ಲಿ ಹೇಳುತ್ತೇವೆ, ಆದರೆ ಬೇಸಿಗೆಯ ದಾವಣಗೆರೆಯಲ್ಲಿ ಈ ಮೂರೂ ಹಂತ ಬೇಗ ಬೇಗ ಮುಗಿಯುತ್ತವೆ. ಸಾಯುವ ಮುನ್ನ ಓಡಿದವರಲ್ಲಿ, ಹೊಡೆದಾಡಿದವರಲ್ಲಿ, ಸೆಳವು ಬಂದವರಲ್ಲಿ, ತೀವ್ರ ಜ್ವರವಿದ್ದವರಲ್ಲಿ ಇನ್ನೂ ಬೇಗ. ಹೀಗಾಗಿ ಬಿಗಿತವೊಂದನ್ನೇ ನೋಡಿ ಗಂಟೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅದರ ನಿಜವಾದ ಬೆಲೆ ಭಂಗಿಯಲ್ಲಿದೆ: ಹಾಸಿಗೆಯ ಮೇಲೆ ಅಂಗಾತ ಇರುವ ಶವದ ಮಡಿಸಿದ ಮೊಣಕಾಲು ಆಧಾರವಿಲ್ಲದೆ ಗಾಳಿಯಲ್ಲಿ ನಿಂತಿದ್ದರೆ, ಆ ದೇಹ ಬಿಗಿದದ್ದು ಆ ಹಾಸಿಗೆಯ ಮೇಲಲ್ಲ. ಸ್ಟ್ರೆಚರ್‌ಗೆ ಹೊಂದಿಸಲೆಂದು ಕೈಕಾಲುಗಳನ್ನು ಬಲವಂತವಾಗಿ ನೇರ ಮಾಡಿದರೆ ಈ ಸಾಕ್ಷ್ಯ ಅಲ್ಲಿಗೇ ಮುಗಿಯುತ್ತದೆ, ಪೂರ್ತಿ ಬಂದ ಬಿಗಿತವನ್ನು ಮುರಿದರೆ ಅದು ಮತ್ತೆ ಬರುವುದಿಲ್ಲ.

ದೇಹದ ಉಷ್ಣತೆಯ ಲೆಕ್ಕ ಕೇಳಲು ಸರಳ. 37 ಡಿಗ್ರಿ ಸೆಲ್ಸಿಯಸ್ ಇದ್ದ ಶರೀರ ಸುತ್ತಲಿನ ಗಾಳಿಯ ಮಟ್ಟಕ್ಕೆ ತಣಿಯುತ್ತ ಹೋಗುತ್ತದೆ. ಉಷ್ಣವಲಯದಲ್ಲಿ ಗಂಟೆಗೆ ಸುಮಾರು 0.5ರಿಂದ 0.7 ಡಿಗ್ರಿ ಎಂದು ನಮ್ಮ ಪಠ್ಯಗಳು ಹೇಳುತ್ತವೆ. ಗುದದ್ವಾರದಲ್ಲಿ ಉದ್ದನೆಯ ಥರ್ಮಾಮೀಟರ್ ಇರಿಸಿ ನೋಡಿದಾಗ 34 ಡಿಗ್ರಿ ಇದ್ದರೆ, ಇಳಿದದ್ದು 3 ಡಿಗ್ರಿ, ಅಂದರೆ ಸಾವಾಗಿ ಸುಮಾರು ನಾಲ್ಕರಿಂದ ಆರು ಗಂಟೆ. ಇದರ ಮೇಲೆ, ಮೊದಲ ಅರ್ಧ ಗಂಟೆ ಒಂದು ಗಂಟೆ ಒಳಗಿನ ಉಷ್ಣತೆ ಇಳಿಯದೆಯೇ ಇರಬಹುದೆಂಬುದನ್ನೂ ಸೇರಿಸಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುವ ಚಿತ್ರದುರ್ಗದ ಬಯಲಿನಲ್ಲಿ ಈ ಲೆಕ್ಕಕ್ಕೆ ಹೆಚ್ಚು ಬೆಲೆಯಿದೆ. ಏಪ್ರಿಲ್ ಕೊನೆಯ ಮಧ್ಯಾಹ್ನ 38-39 ಡಿಗ್ರಿ ಇರುವ ತಗಡಿನ ಮನೆಯೊಳಗೆ ಅದಕ್ಕೆ ಬೆಲೆಯೇ ಇಲ್ಲ, ಏಕೆಂದರೆ ಅಲ್ಲಿ ಶವ ತಣಿಯುವುದಿಲ್ಲ, ಬದಲಾಗಿ ಬಿಸಿಯೇರಲೂಬಹುದು. ಜರ್ಮನಿಯ ಹೆನ್ಸ್‌ಗೆ ಎಂಬ ವಿಜ್ಞಾನಿ ದೇಹದ ತೂಕ, ಬಟ್ಟೆ, ಸುತ್ತಲಿನ ಉಷ್ಣತೆಗಳನ್ನೆಲ್ಲ ಪರಿಗಣಿಸಿ ಸಿದ್ಧಪಡಿಸಿದ ನಕ್ಷೆಯೂ ಅತ್ಯುತ್ತಮ ಸ್ಥಿತಿಯಲ್ಲಿ 2.8 ಗಂಟೆ ಆಚೀಚೆಯಷ್ಟು ಅಂತರವನ್ನು ಇಟ್ಟುಕೊಂಡೇ ಉತ್ತರ ಕೊಡುತ್ತದೆ. ನ್ಯಾಯಾಲಯದಲ್ಲಿ ವಕೀಲರು ಒಂದು ನಿಶ್ಚಿತ ಗಂಟೆಯನ್ನು ಬಯಸುತ್ತಾರೆ. ಇಂತಿಷ್ಟರಿಂದ ಇಂತಿಷ್ಟು ಗಂಟೆಯೊಳಗೆ ಎಂದು ಹೇಳುವ ವೈದ್ಯ ಅಸಮರ್ಥನಲ್ಲ. ಆತ ಸತ್ಯವನ್ನು ಅದರ ಅಳತೆಯಲ್ಲಿಯೇ ಹೇಳುತ್ತಿದ್ದಾನೆ.

ಲೈಂಗಿಕ ದೌರ್ಜನ್ಯದ ಸಂಶಯವಿದ್ದಲ್ಲಿ ಥರ್ಮಾಮೀಟರ್ ಬಳಸುವ ಮೊದಲೇ ಆ ಭಾಗದ ಸ್ವ್ಯಾಬ್ ತೆಗೆದುಕೊಂಡಿರಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಕೊಳೆಯುವಿಕೆ ಶುರುವಾದ ಮೇಲೆ ಜನರ ತಪ್ಪು ಗ್ರಹಿಕೆಗಳು ಇನ್ನೂ ಹೆಚ್ಚುತ್ತವೆ. ಬೇಸಿಗೆಯಲ್ಲಿ 12ರಿಂದ 18 ಗಂಟೆಯೊಳಗೆ ಹೊಟ್ಟೆಯ ಬಲ ಕೆಳಭಾಗ ಹಸಿರಾಗುತ್ತದೆ, ಏಕೆಂದರೆ ದೊಡ್ಡ ಕರುಳಿನ ಆರಂಭದ, ಬ್ಯಾಕ್ಟೀರಿಯಾಗಳು ತುಂಬಿದ ಭಾಗ ಅಲ್ಲಿ ಚರ್ಮಕ್ಕೆ ಹತ್ತಿರದಲ್ಲಿದೆ. ಎರಡನೆಯ ದಿನದ ಹೊತ್ತಿಗೆ ರಕ್ತನಾಳಗಳ ಕವಲುಗಳು ಹಸಿರು ಕಂದು ಗೆರೆಗಳಾಗಿ ಚರ್ಮದ ಮೇಲೆ ಮೂಡುತ್ತವೆ. ಬಳಿಕ ಅನಿಲ ತುಂಬಿ ಮುಖ ಉಬ್ಬುತ್ತದೆ, ಕಣ್ಣುಗುಡ್ಡೆ ಮುಂದೆ ಬರುತ್ತವೆ, ನಾಲಿಗೆ ಹಲ್ಲುಗಳ ನಡುವಿನಿಂದ ಹೊರಚಾಚುತ್ತದೆ, ಒಳಗಿನ ಒತ್ತಡಕ್ಕೆ ಮೂಗು ಬಾಯಿಗಳಿಂದ ರಕ್ತಮಿಶ್ರಿತ ದ್ರವ ಹೊರಬರುತ್ತದೆ. ಈ ಚಿತ್ರವನ್ನು ನೋಡಿದ ತಾಯಿಗೋ ಅಣ್ಣನಿಗೋ ಕತ್ತು ಹಿಸುಕಿದ್ದಾರೆಂದು ಅನ್ನಿಸುವುದರಲ್ಲಿ ಆಶ್ಚರ್ಯವೇನಿದೆ? ಚರ್ಮ ಗುಳ್ಳೆಯೆದ್ದು ಸುಲಿದಾಗ ಸುಟ್ಟಿದ್ದಾರೆ ಎನ್ನುತ್ತಾರೆ. ಇರುವೆ ಮುತ್ತಿ ಕಚ್ಚಿದ ಜಾಗ ಒಣಗಿ ಕಂದಾದಾಗ ಆಸಿಡ್ ಎನ್ನುತ್ತಾರೆ. ಕತ್ತು ಹಿಸುಕಿದ್ದರೆ ಕುತ್ತಿಗೆಯ ಸ್ನಾಯುಗಳ ಪದರ ಪದರವನ್ನು ಬಿಡಿಸಿದಾಗ ಒಳಗೆ ರಕ್ತಸ್ರಾವ ಕಾಣಬೇಕು, ಗಂಟಲಿನ ಸಣ್ಣ ಎಲುಬು ಕೆಲವೊಮ್ಮೆ ಮುರಿದಿರಬೇಕು. ಉತ್ತರ ಸಿಗುವುದು ಮುಖದಲ್ಲಲ್ಲ, ಅಲ್ಲಿ. ಅಂದಹಾಗೆ, ಕೊಳೆಯುವಾಗ ಸೂಕ್ಷ್ಮಜೀವಿಗಳು ತಾವೇ ಆಲ್ಕೋಹಾಲ್ ತಯಾರಿಸುವುದರಿಂದ, ಕೊಳೆತ ಶವದ ರಕ್ತದಲ್ಲಿ ಅದು ಸ್ವಲ್ಪ ಕಂಡಿತೆಂದು ಸತ್ತವನನ್ನು ಕುಡುಕನೆಂದು ಕರೆಯುವುದು ಅನ್ಯಾಯ. ಕಣ್ಣಿನೊಳಗಿನ ದ್ರವವನ್ನೂ ಪರೀಕ್ಷೆಗೆ ಕಳುಹಿಸಿದರೆ ಈ ಗೊಂದಲ ಬಹುಮಟ್ಟಿಗೆ ನೀಗುತ್ತದೆ. ಸುಲಿದು ಬಂದ ಕೈಚರ್ಮವನ್ನು ಮಾತ್ರ ಎಸೆಯಬಾರದು, ಅದರಿಂದಲೂ ಬೆರಳಚ್ಚು ತೆಗೆದು ಅಪರಿಚಿತ ಶವವನ್ನು ಗುರುತಿಸಬಹುದು.

ಭದ್ರಾ ನಾಲೆ, ಹರಿಹರದ ತುಂಗಭದ್ರೆ, ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ ಇವೆಲ್ಲ ಇರುವ ಸೀಮೆಯಲ್ಲಿ ನೀರಿನಿಂದ ತೆಗೆದ ಶವಗಳೂ ನಮ್ಮ ಮುಂದೆ ಬರುತ್ತವೆ. ನೀರಿನಲ್ಲಿ ಕೊಳೆಯುವಿಕೆ ನಿಧಾನ. ಗಾಳಿಯಲ್ಲಿ ಒಂದು ವಾರಕ್ಕೆ ಆಗುವಷ್ಟು ನೀರಿನಲ್ಲಿ ಎರಡು ವಾರಕ್ಕೆ, ಮಣ್ಣಿನಡಿ ಎಂಟು ವಾರಕ್ಕೆ ಆಗುತ್ತದೆಂಬ 19ನೆಯ ಶತಮಾನದ ಜರ್ಮನ್ ವೈದ್ಯ ಕ್ಯಾಸ್ಪರ್‌ನ ಸ್ಥೂಲ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಮುಳುಗಿದ ದೇಹ ತಲೆ ಕೆಳಗಾಗಿ ತೇಲುವುದರಿಂದ ರಕ್ತ ಮುಖ, ಎದೆ, ಹಸ್ತಗಳಿಗೆ ಇಳಿದಿರುತ್ತದೆ, ಹರಿಯುವ ನಾಲೆಯಲ್ಲಿ ಉರುಳುತ್ತ ಹೋದರೆ ಕಲೆ ಎಲ್ಲಿಯೂ ನೆಲೆ ನಿಲ್ಲದಿರಬಹುದು. ಅಂಗೈ ಅಂಗಾಲುಗಳ ಚರ್ಮ ಬೆಳ್ಳಗೆ ಸುಕ್ಕುಗಟ್ಟುವುದು ನೀರಿನಲ್ಲಿದ್ದುದಕ್ಕೆ ಸಾಕ್ಷಿಯೇ ಹೊರತು ನೀರಿನಲ್ಲಿ ಸತ್ತದ್ದಕ್ಕಲ್ಲ, ಕೊಂದು ಎಸೆದ ಶವದಲ್ಲಿಯೂ ಅದು ಬರುತ್ತದೆ. ಬಿಗಿಹಿಡಿದ ಮುಷ್ಟಿಯೊಳಗೆ ನಾಲೆಯ ಜೊಂಡು, ಹುಲ್ಲು, ಮರಳು ಸಿಕ್ಕರೆ ಮಾತ್ರ ವಿಷಯ ಬೇರೆ. ಸಾಯುವ ಕ್ಷಣದ ಹಿಡಿತ ಸಡಿಲವಾಗದೆ ಹಾಗೆಯೇ ಬಿಗಿದುಕೊಳ್ಳುವ ಈ ಅಪರೂಪದ ಸ್ಥಿತಿಯನ್ನು ಸತ್ತ ಮೇಲೆ ಯಾರೂ ಸೃಷ್ಟಿಸಲಾರರು. ಆತ ನೀರಿಗೆ ಬಿದ್ದಾಗ ಜೀವಂತವಾಗಿದ್ದ, ಬದುಕಲು ಕೈಚಾಚಿದ್ದ.

ಬಯಲಿನಲ್ಲಿ, ತೋಟದಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ದಿನಗಳ ನಂತರ ಸಿಗುವ ಶವಗಳಲ್ಲಿ ಮೊದಲ ಮೂರು ಗಡಿಯಾರಗಳೂ ನಿಂತುಹೋಗಿರುತ್ತವೆ. ಅಲ್ಲಿ ನೊಣಗಳನ್ನು ಆಶ್ರಯಿಸುತ್ತೇವೆ. ಹಸಿರು ನೀಲಿ ಮಿಂಚಿನ ಮಾಂಸದ ನೊಣಗಳು ಹಗಲಿನಲ್ಲಾದರೆ ಸಾವಾದ ಸ್ವಲ್ಪ ಹೊತ್ತಿನಲ್ಲಿಯೇ ಕಣ್ಣು, ಮೂಗು, ಬಾಯಿ, ಗಾಯಗಳ ಅಂಚಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆ ಒಡೆಯಲು 8ರಿಂದ 24 ಗಂಟೆ, ಹುಳು ಬೆಳೆದು ಕೋಶವಾಗಲು ನಾಲ್ಕೈದು ದಿನ, ಕೋಶದಿಂದ ನೊಣ ಬರಲು ಮತ್ತೆ ನಾಲ್ಕೈದು ದಿನ ಎಂಬುದು ನಮ್ಮ ಹವೆಗೆ ಹೊಂದುವ ಸ್ಥೂಲ ಲೆಕ್ಕ. ಹುಳುಗಳ ಒಂದು ಪಾಲನ್ನು ಬಿಸಿನೀರಿನಲ್ಲಿ ಅದ್ದಿ ಆಲ್ಕೋಹಾಲಿನಲ್ಲಿ ಇಡಬೇಕು, ಇನ್ನೊಂದು ಪಾಲನ್ನು ಜೀವಂತವಾಗಿ ಸಾಕಿ ಯಾವ ಜಾತಿಯ ನೊಣವೆಂದು ತಿಳಿಯಬೇಕು. ಮುಖದಲ್ಲಿ ಕಡಿಮೆಯಿದ್ದು ಎದೆಯಲ್ಲಿಯೋ ಅಂಗೈಯಲ್ಲಿಯೋ ಹುಳುಗಳು ಗುಂಪುಗೂಡಿದ್ದರೆ ಅಲ್ಲಿ ಗಾಯವಿತ್ತೇ ಎಂದು ನೋಡಬೇಕು. ಶವದಲ್ಲಿ ಪರೀಕ್ಷೆಗೆ ಯೋಗ್ಯವಾದ ಅಂಗಾಂಶವೇ ಉಳಿದಿಲ್ಲದಾಗ, ಅದನ್ನು ತಿಂದ ಹುಳುಗಳಲ್ಲಿಯೇ ಕೀಟನಾಶಕವನ್ನು ಪತ್ತೆ ಮಾಡಬಹುದು. ಶವವನ್ನು ಒಪ್ಪವಾಗಿಸಲೆಂದು ಹುಳುಗಳನ್ನು ಫಿನೈಲ್ ಹಾಕಿ ತೊಳೆಯುವವರ ಉದ್ದೇಶ ಒಳ್ಳೆಯದೇ, ಆದರೆ ಮಾದರಿ ತೆಗೆಯುವವರೆಗೆ ದಯವಿಟ್ಟು ತಡೆಯಬೇಕು.

2023ರ ಡಿಸೆಂಬರ್ ಕೊನೆಯಲ್ಲಿ ಚಿತ್ರದುರ್ಗದ ಮನೆಯೊಂದರಲ್ಲಿ ಐವರ ಅಸ್ಥಿಪಂಜರಗಳು ಸಿಕ್ಕಾಗ, ವೈದ್ಯರು ನೋಡಿದೊಡನೆ ದಿನಾಂಕ ಹೇಳಲಾರರೇ ಎಂದು ಹಲವರು ನನ್ನನ್ನು ಕೇಳಿದರು. ಎಲುಬು ಮಾತ್ರ ಉಳಿದ ಮೇಲೆ ದೇಹದೊಳಗಿನ ಸಮಯ ಓದುವುದು ವರ್ಷಗಳ ಅಂದಾಜಿಗೆ ಬಂದು ನಿಲ್ಲುತ್ತದೆ. ಸೊಂಟದ ಎಲುಬು, ತಲೆಬುರುಡೆಗಳಿಂದ ಗಂಡೋ ಹೆಣ್ಣೋ ತಿಳಿಯುತ್ತದೆ, ಹಲ್ಲು ಮತ್ತು ಎಲುಬಿನ ಕೀಲುತುದಿಗಳಿಂದ ವಯಸ್ಸು, ತೊಡೆಯ ಎಲುಬಿನಿಂದ ಎತ್ತರ, ಹಲ್ಲಿನಿಂದ ಡಿಎನ್ಎ. ಸಾವಿನ ಕಾಲವನ್ನು ಮಾತ್ರ ಗೋಡೆಯ ಕ್ಯಾಲೆಂಡರ್, ವಿದ್ಯುತ್ ಬಿಲ್ಲು, ಔಷಧದ ಚೀಟಿ, ಕೊನೆಯ ಫೋನ್ ಕರೆಗಳಿಂದ ಪೊಲೀಸರೇ ಕಟ್ಟಬೇಕಾಗುತ್ತದೆ.

ಹೂತ ಶವವನ್ನು ಹೊರತೆಗೆಯುವುದಕ್ಕೆ ನಮ್ಮ ದೇಶದಲ್ಲಿ ಕಾಲಮಿತಿಯಿಲ್ಲ; ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶದಂತೆ, ಅವರ ಸಮ್ಮುಖದಲ್ಲಿ ಅದು ನಡೆಯಬೇಕು. ಸಮಾಧಿಯಲ್ಲಿ ವಿಭೂತಿ, ಉಪ್ಪು ಹಾಕುವ ರೂಢಿಯಿರುವಲ್ಲಿ ಆ ಮಣ್ಣನ್ನೂ, ಶವದ ಮೇಲಿನ ಕೆಳಗಿನ ಬದಿಯ ಮಣ್ಣನ್ನೂ, ದೂರದ ಒಂದು ಹಿಡಿ ಮಣ್ಣನ್ನೂ ಬೇರೆ ಬೇರೆ ಕಟ್ಟಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಇಲ್ಲವಾದರೆ ನೆಲದಿಂದ ಇಂಗಿದ ಆರ್ಸೆನಿಕ್‌ಗೂ ಊಟದಲ್ಲಿ ಬೆರೆಸಿದ ಆರ್ಸೆನಿಕ್‌ಗೂ ವ್ಯತ್ಯಾಸ ತಿಳಿಯದು.

2024ರ ಜುಲೈ 1ರಿಂದ ಅಸಹಜ ಸಾವಿನ ವಿಚಾರಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ ನಡೆಯುತ್ತಿದೆ, ಹಿಂದೆ ಇದೇ ದಂಡಪ್ರಕ್ರಿಯಾ ಸಂಹಿತೆಯ 174 ಆಗಿತ್ತು. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳ ಸಾವಾದರೆ ತಹಶೀಲ್ದಾರರೇ ಶವ ಪಂಚನಾಮೆ ಮಾಡುತ್ತಾರೆ, ಮತ್ತು ಅವರು ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ತಲುಪುವಷ್ಟರಲ್ಲಿ ಬೆಲೆಬಾಳುವ ಗಂಟೆಗಳು ಕಳೆದಿರುತ್ತವೆ. ರಾತ್ರಿ ಮರಣೋತ್ತರ ಪರೀಕ್ಷೆಗೆ 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅವಕಾಶ ಕೊಟ್ಟಿದೆಯಾದರೂ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಸಂಶಯಾಸ್ಪದ ಸಾವುಗಳನ್ನು ಸಾಮಾನ್ಯವಾಗಿ ಹಗಲಿಗೇ ಮೀಸಲಿಟ್ಟಿದೆ. ಆದ್ದರಿಂದ ಸಂಜೆ ಐದಕ್ಕೆ ಕಂಡ ಶವ ನನ್ನ ಮೇಜಿಗೆ ಬರುವುದು ಮರುದಿನ ಬೆಳಿಗ್ಗೆ, ಅಷ್ಟರಲ್ಲಿ ಕಲೆ ನೆಲೆ ನಿಂತು, ಮೈ ಬಿಗಿದು, ಉಷ್ಣತೆ ಶೈತ್ಯಾಗಾರದ್ದಾಗಿರುತ್ತದೆ. ಮೊದಲ ಗಂಟೆಗಳಲ್ಲಿ ಶವದ ಬಳಿ ಇದ್ದವರು ಕಂಡದ್ದನ್ನು ನಾನು ಅನಂತರ ಯಾವ ಉಪಕರಣದಿಂದಲೂ ಕಾಣಲಾರೆ.

ಹಾಗಾಗಿ ಮನೆಯಲ್ಲಿ ಸಂಶಯಕ್ಕೆ ಆಸ್ಪದವಿರುವ ಸಾವು ಸಂಭವಿಸಿದಾಗ, ಜೀವ ಹೋಗಿರುವುದು ಖಚಿತವಾಗಿದ್ದರೆ, ಶವವನ್ನು ತೊಳೆಯದೆ, ಬಟ್ಟೆ ಬದಲಿಸದೆ ಪೊಲೀಸರಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಜೀವವಿದೆಯೆಂಬ ಆಸೆಯಿಂದ ನೇಣಿನಿಂದ ಇಳಿಸಿದ್ದರೆ ಅದು ಖಂಡಿತ ಸರಿಯಾದ ಕೆಲಸ, ಅದನ್ನು ಹೆದರದೆ ಹೇಳಿ. ಗಂಟನ್ನು ಬಿಚ್ಚದೆ ಹಗ್ಗವನ್ನು ಬೇರೆಡೆ ಕತ್ತರಿಸಿದ್ದರೆ ಇನ್ನೂ ಒಳ್ಳೆಯದು. ಕೊನೆಯ ಬಾರಿ ಜೀವಂತವಾಗಿ ಕಂಡವರು ಯಾರು, ಎಷ್ಟು ಹೊತ್ತಿಗೆ, ಕೊನೆಯ ಊಟ ಮುದ್ದೆಯೋ ರೊಟ್ಟಿಯೋ ಅನ್ನವೋ, ಮೊದಲು ಮುಟ್ಟಿದಾಗ ಮೈ ಬೆಚ್ಚಗಿತ್ತೇ, ಕೈ ಮಡಿಸಲು ಬಂತೇ, ಮಲಗಿದ್ದುದು ಅಂಗಾತವೋ ಬೋರಲೋ, ಫ್ಯಾನ್ ತಿರುಗುತ್ತಿತ್ತೇ, ಕಿಟಕಿ ತೆರೆದಿತ್ತೇ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ್ದರೇ, ಎದೆ ಒತ್ತಿದ್ದರೇ ಎಂಬುದನ್ನೆಲ್ಲ ಪಂಚನಾಮೆ ಬರೆಯುವ ಅಧಿಕಾರಿಗೆ ಹೇಳಿ, ಅವರು ಕೇಳದಿದ್ದರೂ ಬರೆಸಿ. ಆ ಕಾಗದ ಶವದ ಜೊತೆಗೇ ನನ್ನ ಬಳಿಗೆ ಬರುತ್ತದೆ, ಮತ್ತು ಚರ್ಮವನ್ನು ಕೊಯ್ಯುವ ಮೊದಲು ನಾನು ಓದುವುದು ಅದನ್ನೇ.